ಮೂರನೆಯ ಹಾರ ಯಾರಿಗೆ

ಹೊರಡುವ ಮುನ್ನ

ನಮ್ಮ ಅಂಗಡಿಯ ವೆಬ್‌ಸೈಟ್ ತೆರೆದುಕೊಳ್ಳುವಷ್ಟರಲ್ಲಿ ಕೈ ಪಳಗಿದವರು ಒಂದು ಮೊಳ ಮಲ್ಲಿಗೆ ಕಟ್ಟಿ ಮುಗಿಸಬಹುದು. ಇದು ನನ್ನ ಮಾತಲ್ಲ, ನನ್ನ ಭಾಮೈದ ಮಂಜನದು. ಅವನು ಕಟ್ಟಿಯೂ ತೋರಿಸಿದ್ದಾನೆ.

ರತ್ನ ಇದ್ದಾಗ ಹೀಗಿರಲಿಲ್ಲ. ಕೃಷ್ಣರಾಜ ಮಾರುಕಟ್ಟೆಯಲ್ಲಿ ನಮ್ಮದು ಹಾರದ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹಾರ ಕಟ್ಟಲು ಕೂತವನು. ನನ್ನ ಹೆಂಡತಿ ರತ್ನ ಮಾತ್ರ ನಲವತ್ತು ದಾಟಿದ ಮೇಲೆ ಶಂಕರಪುರಂನ ಒಂದು ಕಂಪ್ಯೂಟರ್ ತರಗತಿಗೆ ಸೇರಿದಳು. ಕಾಲೇಜು ಮಕ್ಕಳ ನಡುವೆ, ಕಾಲ ಬಳಿ ಸೊಪ್ಪಿನ ಚೀಲ ಇಟ್ಟುಕೊಂಡು, ವೆಬ್‌ಸೈಟ್ ಮಾಡುವುದನ್ನು ಕಲಿತಳು. ಮದುವೆ ಹಾರಕ್ಕೆ ಜನ ಫೋನಿನಲ್ಲೇ ಆರ್ಡರ್ ಕೊಡುವಂತೆ ನಮ್ಮ ಅಂಗಡಿಗೆ ಒಂದು ಸೈಟು ಮಾಡಿದಳು. ಹಾರ ಮೊದಲು, ಹಣ ಹಾರ ತಲುಪಿದ ಮೇಲೆ. ಬಂದ ಆರ್ಡರನ್ನು ಕಟ್ಟದೆ ಬಿಡಬಾರದು, ಕಟ್ಟಿದ ಹಾರವನ್ನು ಬಿಚ್ಚಬಾರದು. ಇವು ಅವಳ ನಿಯಮಗಳು.

ಇವೆಲ್ಲಕ್ಕಿಂತ ದೊಡ್ಡ ನಿಯಮ, ಪುಟ ತಟ್ಟನೆ ತೆರೆಯಬೇಕು. "ಕಾಯಿಸಿದ್ರೆ ಹೂವೂ ಬಾಡುತ್ತೆ, ಗಿರಾಕೀನೂ ಬಾಡ್ತಾನೆ" ಎನ್ನುತ್ತಿದ್ದಳು. ಹೊಸದಾಗಿ ಏನು ಸೇರಿಸಿದರೂ ಗಾಜು ಬಿರಿದ ತನ್ನ ಹಳೇ ಫೋನ್ ಹಿಡಿದು ಮಾರುಕಟ್ಟೆಯ ನೆಲಮಾಳಿಗೆಗೆ ಇಳಿಯುವಳು. ಅಲ್ಲಿ ಸಿಗ್ನಲ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲ್ಲಿ ಪುಟ ತೆರೆದರೆ ಲೋಕದಲ್ಲಿ ಎಲ್ಲಿ ಬೇಕಾದರೂ ತೆರೆಯುತ್ತದೆ ಎಂಬುದು ಅವಳ ನಂಬಿಕೆ. ತೆರೆಯದಿದ್ದರೆ ಮೇಲೆ ಬಂದು ಚಿತ್ರಗಳನ್ನು ಇನ್ನಷ್ಟು ಚಿಕ್ಕದು ಮಾಡಿ ಮತ್ತೆ ಇಳಿಯುವಳು. ಕೆಳಗೆ ಆಲೂಗಡ್ಡೆ ಮೂಟೆ ಇಳಿಸುವವರು ಅವಳು ಯಾರಿಗೋ ಹೆದರಿ ಅವಿತುಕೊಳ್ಳಲು ಬರುತ್ತಾಳೆಂದು ಬಹಳ ಕಾಲ ತಿಳಿದಿದ್ದರು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ರತ್ನ ತೀರಿಕೊಂಡಳು. ಹೃದಯ ಎಂದರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಬರೆಯಬೇಕಾದದ್ದು ಫ್ಲೆಕ್ಸ್ ಬಗ್ಗೆ. ನಮ್ಮ ಕಡೆ ಒಬ್ಬರು ತೀರಿಕೊಂಡರೆ ರಸ್ತೆ ತುದಿಯಲ್ಲಿ ಅವರ ಫೋಟೊ ಹಾಕಿ ಬ್ಯಾನರ್ ಕಟ್ಟಬೇಕು. ಮಂಜ ಮಾಮೂಲ್‌ಪೇಟೆಯಲ್ಲಿ ಮಾಡಿಸಿಕೊಂಡು ಬಂದ. ಮೇಲೆ "ಭಾವಪೂರ್ಣ ಶ್ರದ್ಧಾಂಜಲಿ", ನಡುವೆ ರತ್ನನ ಮುಖ, ಅದಕ್ಕೊಂದು ಗುಲಾಬಿ ಹಾರ, ಕೆಳಗೆ "ದುಃಖತಪ್ತರು" ಎಂದು ಸಾಲಾಗಿ ಮಂಜ ಮತ್ತು ಅವನ ಗೆಳೆಯರ ಮುಖಗಳು. ಇಬ್ಬರು ಕಪ್ಪು ಕನ್ನಡಕದಲ್ಲಿ, ಒಬ್ಬ ಫೋನಿನಲ್ಲಿ ಮಾತಾಡುತ್ತಾ, ವಾರ್ಡಿನಲ್ಲಿ ಚುನಾವಣೆಗೆ ನಿಲ್ಲುವ ಆಸೆಯಿದ್ದ ಒಬ್ಬರು ಕೈ ಮುಗಿದು ನಗುತ್ತಾ. ಫ್ಲೆಕ್ಸ್ ಅಂಗಡಿಯವನು ಆ ಚಿತ್ರವನ್ನು ಪೆನ್‌ಡ್ರೈವ್‌ನಲ್ಲೂ ಕೊಟ್ಟಿದ್ದ. ಅದನ್ನೇ ಸೈಟಿನ ಮೊದಲ ಪುಟದಲ್ಲಿ ಹಾಕು ಎಂದು ಮಂಜನಿಗೆ ನಾನೇ ಹೇಳಿದೆ. ಬೀದಿಗೆ ಅಡ್ಡ ಕಟ್ಟುವ ಬ್ಯಾನರಿನ ಚಿತ್ರವನ್ನು ಹಾಗೆಯೇ ಅಂಗೈಯಗಲದ ಫೋನಿಗೆ ತುರುಕಿದಂತಾಯಿತು. ಅಂದಿನಿಂದ ಪುಟ ತೆರೆಯುವುದೇ ಇಲ್ಲ. ಗಿರಾಕಿಗಳು ಕಾದು, ಬಾಡಿ, ಬೇರೆ ಅಂಗಡಿಗೆ ಹೋದರು.

ಫೋಟೊ ತೆಗೆಯೋಣ ಎಂದು ಮಂಜ ಒಂದೆರಡು ಸಲ ಹೇಳಿದ. ವರ್ಷ ತುಂಬುವ ತನಕ ಫೋಟೊ ತೆಗೆಯಬಾರದು ಎಂದೆ. ಹಾಗೊಂದು ಶಾಸ್ತ್ರ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ಶಾಸ್ತ್ರವಾಯಿತು.

ಅಷ್ಟರಲ್ಲಿ ಎಸ್ಟೋನಿಯಾ ದೇಶದ ತಾಲಿನ್ ಎಂಬ ಊರಿನಿಂದ ಫೋನ್ ಬಂತು. ವೆಬ್ ಪುಟಗಳನ್ನು ಹಗುರ ಮಾಡಿ, ಬಡ ಫೋನುಗಳಿಗೂ ತಲುಪಿಸುವ ಹುಚ್ಚಿನವರು ಅಲ್ಲಿ ವರ್ಷಕ್ಕೊಮ್ಮೆ ಸೇರುತ್ತಾರಂತೆ. ರತ್ನನ ಪುಟ ನೋಡಿ ಮೆಚ್ಚಿ, ಅವಳಿದ್ದಾಗಲೇ ಅವಳನ್ನು ಕರೆದಿದ್ದರು. ಅವಳು ನಮ್ಮಿಬ್ಬರ ಪಾಸ್‌ಪೋರ್ಟನ್ನೂ ಒಟ್ಟಿಗೇ ಮಾಡಿಸಿಟ್ಟಿದ್ದಳು. ಸಭೆ ನಡೆಸುವ ಟೀನಾ ಎಂಬ ಹೆಂಗಸು, ಸಾವಿನ ಸುದ್ದಿ ತಿಳಿದು, ನಿಧಾನವಾದ ಇಂಗ್ಲಿಷಿನಲ್ಲಿ, ಅವಳ ಕುರ್ಚಿ ಹಾಗೇ ಇದೆ, ಬರುತ್ತೀರಾ ಎಂದು ಕೇಳಿದರು. ನಾನು ಯೋಚಿಸಿದೆ. ಫೋಟೊ ತೆಗೆಯದೆ ಪುಟವನ್ನು ಬೇಗ ತೆರೆಸುವ ಉಪಾಯ ಲೋಕದಲ್ಲಿ ಯಾರಿಗಾದರೂ ಗೊತ್ತಿದ್ದರೆ ಇವರಿಗೇ ಗೊತ್ತಿರಬೇಕು. ಬರುತ್ತೇನೆ ಎಂದೆ.

ತಾಲಿನ್ ವಿಮಾನ ನಿಲ್ದಾಣ

ಸಭೆಯಲ್ಲಿ ಹಾರ ಕಟ್ಟಿ ತೋರಿಸಬೇಕಾಗಬಹುದು ಎಂದು ಒಂದು ಕಟ್ಟು ಬಾಳೆನಾರು ತೆಗೆದುಕೊಂಡು ಹೋಗಿದ್ದೆ. ಅಲ್ಲಿನ ಅಧಿಕಾರಿ ಚೀಲ ತೆರೆದು ಅದನ್ನು ಎತ್ತಿ ಹಿಡಿದ. ಮೂಸಿದ. ಎಳೆದು ನೋಡಿದ. ಇದು ಏನು ಎಂದು ಕೇಳಿದ. ದಾರ ಎಂದೆ. ಯಾವುದರ ದಾರ? ಬಾಳೆಯದು. ಬಾಳೆಹಣ್ಣಿನಿಂದ ದಾರ ಹೇಗೆ ಬರುತ್ತದೆ ಎಂಬುದು ಅವನ ಮುಂದಿನ ಪ್ರಶ್ನೆಯಾಗಿತ್ತು. ನನ್ನ ಇಂಗ್ಲಿಷ್ ಅಷ್ಟು ದೂರ ಹೋಗುವುದಿಲ್ಲ. ಅವನ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರ ತೆಗೆದು ಹರಿದು, ಮೊಗ್ಗಿನ ಹಾಗೆ ಸುತ್ತಿ, ಎರಡೆರಡಾಗಿ ಇಟ್ಟು ಕಟ್ಟುತ್ತಾ ಹೋದೆ. ಅವನು ಬೇರೆ ಇಬ್ಬರನ್ನು ಕರೆದ. ಮೂವರೂ ಒಂದು ಮಾತೂ ಆಡದೆ, ಒಂದು ಮೊಳ ಆಗುವ ತನಕ ನೋಡಿದರು. ನಾನು ಮುಗಿಸಿದ ಮೇಲೆ ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ತನ್ನ ಕಂಪ್ಯೂಟರಿಗೆ ಹಾಕಿದ. ನಮ್ಮಲ್ಲಿ ಆಯುಧಪೂಜೆಗೆ ಮಾತ್ರ ಹಾಗೆ ಹಾಕುತ್ತೇವೆ. ಆಮೇಲೆ ಕೈ ಬೀಸಿ ಹೋಗು ಎಂದ.

ಆ ಜನ ಮಾತು ಕಡಿಮೆ. ಬಸ್ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಎಷ್ಟು ದೂರ ನಿಂತಿರುತ್ತಾರೆ ಎಂದರೆ, ಆ ಸಂದಿನಲ್ಲಿ ನಮ್ಮ ಮಾರುಕಟ್ಟೆಯ ಒಂದು ಬಸ್ಸಿನ ಜನ ಬುಟ್ಟಿ ಸಮೇತ ಹಿಡಿಸುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊದಲು ಯಾರೋ ತೀರಿಕೊಂಡಿರಬೇಕು ಅಂದುಕೊಂಡೆ. ದಿನಾ ಹಾಗೇ ಎಂದು ಆಮೇಲೆ ತಿಳಿಯಿತು. ಊರಿನಲ್ಲಿ ರತ್ನ ಹೋದ ಮೇಲೆ ಕಂಡಕಂಡವರು ನನ್ನ ಕೈ ಹಿಡಿದುಕೊಂಡು, ಧೈರ್ಯ ತಂದ್ಕೊಳ್ಳಿ ಎಂದು ಹೇಳಿ, ಅದೇ ಉಸಿರಿನಲ್ಲಿ ಸೇವಂತಿಗೆ ರೇಟು ಕೇಳುತ್ತಿದ್ದರು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ನಾನು ಇಷ್ಟು ವರ್ಷ ತಪ್ಪಾದ ದೇಶದಲ್ಲಿ ಸುಮ್ಮನಿದ್ದೆ ಅನ್ನಿಸಿತು.

ಕೋಟೆ ಬಾಗಿಲು

ಹಳೇ ಊರಿನ ಕೋಟೆ ಬಾಗಿಲ ಹತ್ತಿರ ಹೂವಿನಂಗಡಿಗಳ ಸಾಲಿದೆ. ಅದನ್ನು ಕಂಡಾಗ ದೂರದ ನೆಂಟರ ಮನೆ ಸಿಕ್ಕಿದ ಹಾಗಾಯಿತು. ಅಂಗಡಿ ಎಂದರೆ ಗಾಜಿನ ಗೂಡು. ಚಳಿಗೆ ಹೂವೂ ಮುರುಟುತ್ತದೆ, ಮಾರುವವರೂ ಮುರುಟುತ್ತಾರೆ ಎಂದು ಒಳಗೆ ಬಿಸಿ ಇಟ್ಟಿರುತ್ತಾರೆ. ಹೊರಗಿನಿಂದ ಹೂ ಮಾತ್ರ ಕಾಣುತ್ತದೆ. ಕೇಳಿದರೆ ಹೂವಿನ ನಡುವಿನಿಂದ ಒಂದು ಕೈ ಬರುತ್ತದೆ. ಇನ್ನೂ ಕೇಳಿದರೆ ಮುಖ ಬರುತ್ತದೆ.

ನಾನು ಉಳಿಯಬೇಕಿದ್ದದ್ದು ಟೀನಾ ಅವರ ಮನೆಯಲ್ಲಿ. ಬರಿಗೈಯಲ್ಲಿ ಹೋಗಬಾರದೆಂದು ಅವರಿಗೆ ಗುಲಾಬಿ ಕೊಳ್ಳಲು ನಿಂತೆ. ಕೈ ಒಂಬತ್ತು ಗುಲಾಬಿ ಎತ್ತಿತು. ಒಂಬತ್ತೇ? ಜೋಡಿ ಕೂಡಲಿ ಎಂದು ಇನ್ನೊಂದು ಸೇರಿಸಲು ಸನ್ನೆ ಮಾಡಿದೆ. ಕೈ ಅಲ್ಲೇ ನಿಂತಿತು. ಮುಖ ಹೊರಗೆ ಬಂತು, ಅಜ್ಜಿಯ ಮುಖ. ಏನೋ ಕೇಳಿದರು. ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆಲ್ಲ ನಾವು ತಲೆ ಆಡಿಸುವ ಹಾಗೆ ಆಡಿಸಿದೆ. ಅಜ್ಜಿ ನಿಟ್ಟುಸಿರು ಬಿಟ್ಟು, ಹತ್ತನೆಯ ಗುಲಾಬಿ ಸೇರಿಸಿ, ಕಪ್ಪು ರಿಬ್ಬನ್ ಕಟ್ಟಿ, ಕೊಡುವಾಗ ನನ್ನ ಕೈಯನ್ನು ಒಂದು ಸಲ ಮೆಲ್ಲಗೆ ತಟ್ಟಿದರು. ಇಲ್ಲಿ ವ್ಯಾಪಾರದಲ್ಲಿ ಎಷ್ಟು ಪ್ರೀತಿ ಎಂದು ಮೆಚ್ಚಿಕೊಂಡೆ.

ಟೀನಾ ಬಾಗಿಲು ತೆರೆದು ನನ್ನನ್ನು ನೋಡಿದರು, ಹೂವನ್ನು ನೋಡಿದರು, ತುಟಿ ಅಲುಗಿಸದೆ ಎಣಿಸಿದರು. ಸುಮಾರು ನನ್ನ ವಯಸ್ಸಿನವರು, ಎತ್ತರ, ಬಿಳಿ ಕೂದಲು. ಹೂವನ್ನು ಎರಡು ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದರು. ಮೇಜಿನ ಮೇಲೆ ಸಭೆಗೆ ಬರುವವರ ಹೆಸರು ಬರೆದ ಬಿಲ್ಲೆಗಳಿದ್ದವು. ಅವುಗಳಲ್ಲಿ "ರತ್ನ" ಎಂದು ಬರೆದದ್ದನ್ನು ಬೇರೆ ಇಟ್ಟು, ಹೂದಾನಿಯನ್ನು ಅದರ ಪಕ್ಕದಲ್ಲಿ ಇರಿಸಿದರು. ಆಮೇಲೆ ಹೇಳಿದರು, ಬದುಕಿರುವವರಿಗೆ ನಾವು ಬೆಸ ಸಂಖ್ಯೆಯಲ್ಲಿ ಹೂ ಕೊಡುತ್ತೇವೆ, ಒಂದು, ಮೂರು, ಐದು. ಸಮ ಸಂಖ್ಯೆ ಸತ್ತವರಿಗೆ. ನಿಮಗೆ ನಮ್ಮ ಪದ್ಧತಿ ಗೊತ್ತಿತ್ತಲ್ಲ, ಎಷ್ಟು ಒಳ್ಳೆಯದಾಯಿತು.

ನಾನು ತಲೆ ಆಡಿಸಿದೆ.

ಸಭೆ

ಹಳೆಯ ಕಾರ್ಖಾನೆಯೊಂದರಲ್ಲಿ ಸಭೆ. ಬಂದವರೆಲ್ಲ ತಮ್ಮತಮ್ಮ ಪುಟಗಳನ್ನು ಗೋಡೆಯಗಲದ ಪರದೆಯ ಮೇಲೆ ತೆರೆದು, ಅವುಗಳ ತೂಕ ಎಷ್ಟು ಇಳಿಸಿದೆವು ಎಂದು ಹೇಳುತ್ತಿದ್ದರು. ಒಬ್ಬ ತನ್ನ ಪುಟದಿಂದ ಒಂದು ಚೆಂದದ ಅಕ್ಷರ ಶೈಲಿಯನ್ನು ಕಿತ್ತು ಹಾಕಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಆ ದಿನದ ದೊಡ್ಡ ಗದ್ದಲ.

ಪುಟ ತೆರೆಯುವ ಯಂತ್ರ ನೋಡಿಕೊಳ್ಳುತ್ತಿದ್ದವನು ಮಾರ್ಟ್ ಎಂಬ ಉದ್ದ ಗಡ್ಡದವನು. ಅವರ ಇಂಟರ್‌ನೆಟ್ ಮಿಂಚಿನಂಥದು. ಆದರೆ ಪರೀಕ್ಷೆಗೆ ಅದು ಬಾರದೆಂದು ಅವನು ಏನೇನೋ ಒತ್ತಿ, ಕಷ್ಟಪಟ್ಟು ಅದನ್ನು ನಿಧಾನ ಮಾಡುತ್ತಿದ್ದ. ಬಡ ದೇಶದ, ಬಡ ಫೋನಿನ, ಕೆಟ್ಟ ಸಿಗ್ನಲ್ ಇರುವ ಮನುಷ್ಯನಿಗೆ ಪುಟ ಹೇಗೆ ತೆರೆಯುತ್ತದೆ ಎಂದು ನೋಡಲು ಹಾಗೆ ಮಾಡಬೇಕಂತೆ. ಇದು ನಮ್ಮ ನೆಲಮಾಳಿಗೆಯಲ್ಲಿ ಪುಕ್ಕಟೆ ಸಿಗುತ್ತದೆ ಎಂದು ಟೀನಾರಿಗೆ ಹೇಳಿದೆ. ಗೊತ್ತು, ರತ್ನ ಹೇಳಿದ್ದಳು ಎಂದರು. ಅವರಿಬ್ಬರೂ ಪರದೆಯಲ್ಲಿ ಮುಖ ನೋಡಿಕೊಂಡು ಮಾತಾಡುತ್ತಿದ್ದಾಗ, ರತ್ನ ಫೋನ್ ಹಿಡಿದುಕೊಂಡೇ ಇವರನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿದ್ದಳಂತೆ. ಮೆಟ್ಟಿಲಿಳಿದ ತಕ್ಷಣ ಕರೆ ಕಡಿದುಹೋಯಿತಂತೆ. ಅದೇ ಅವಳು ತೋರಿಸಬೇಕೆಂದಿದ್ದದ್ದು ಎಂದು ಟೀನಾರಿಗೆ ಮಾರನೆಯ ದಿನ ಗೊತ್ತಾಯಿತಂತೆ.

ನಮ್ಮ ಸರದಿ ಬಂತು. ಮಾರ್ಟ್ ನಮ್ಮ ಸೈಟು ತೆರೆದ. ಬಿಳಿ ಪರದೆ. ಎಲ್ಲರೂ ಕಾದರು. ಬಹಳ ಹೊತ್ತಿನ ಮೇಲೆ ಮೇಲ್ತುದಿಯಿಂದ ಒಂದೊಂದೇ ಎಳೆಯಾಗಿ ಚಿತ್ರ ಇಳಿಯತೊಡಗಿತು. ಮೊದಲು "ಭಾವಪೂರ್ಣ ಶ್ರದ್ಧಾಂಜಲಿ". ಅದು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ರತ್ನನ ಬೈತಲೆ. ಹಣೆ. ಬೊಟ್ಟು. ಒಂದು ಹುಬ್ಬು, ಇನ್ನೊಂದು ಹುಬ್ಬು. ಅಲ್ಲಿಗೆ ನಿಂತಿತು. ಮತ್ತೆ ಇಳಿಯಿತು. ಕಣ್ಣು ಬಂತು.

ಹಿಂದಿನ ಸಾಲಿನಲ್ಲಿದ್ದ ವಯಸ್ಸಾದವರೊಬ್ಬರು ಟೋಪಿ ತೆಗೆದರು. ಪಕ್ಕದವರೂ ತೆಗೆದರು. ಯಾರು ಮೊದಲು ಎದ್ದರೋ ನೋಡಲಿಲ್ಲ, ನೋಡುವಷ್ಟರಲ್ಲಿ ಎಲ್ಲರೂ ನಿಂತಿದ್ದರು. ನಮ್ಮ ಮಾರುಕಟ್ಟೆಯಲ್ಲಿ ರತ್ನನಿಗೆ ಒಂದು ನಿಮಿಷ ಮೌನ ಎಂದು ಮೈಕಿನಲ್ಲಿ ಹೇಳಿದ್ದರು. ಹೇಳಿ ಮುಗಿಸುವ ಮೊದಲೇ ಒಬ್ಬರ ಫೋನ್ ಕೂಗಿತು, ಟೆಂಪೊದವನು ಹಾರ್ನ್ ಹೊಡೆದ, ಆಚೆ ಕನಕಾಂಬರದ ಹರಾಜು ಶುರುವಾಯಿತು. ಇಲ್ಲಿ ಯಾರೂ ಹೇಳಲಿಲ್ಲ. ಪುಟ ಎಷ್ಟು ನಿಧಾನವೋ ಅಷ್ಟು ಹೊತ್ತು ಸುಮ್ಮನೆ ನಿಂತರು. ಅವಳ ಮೂಗುತಿ ಬಂತು, ತುಟಿ ಬಂತು, ಗಲ್ಲದ ಮಚ್ಚೆ ಬಂತು. ಇಷ್ಟು ನಿಧಾನವಾಗಿ ಅವಳ ಮುಖವನ್ನು ನಾನೂ ಯಾವತ್ತೂ ನೋಡಿರಲಿಲ್ಲ.

ಆಮೇಲೆ ಹಾರ ಬಂತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೀದಿಯ ಬ್ಯಾನರಿನಲ್ಲಿ ಯಾರು ಹಾರ ನೋಡುತ್ತಾರೆ? ಗೋಡೆಯಗಲಕ್ಕೆ ಬಂದಾಗ ಕಂಡಿತು. ಫ್ಲೆಕ್ಸ್ ಅಂಗಡಿಯವನು ಒಂದೇ ಗುಲಾಬಿಯನ್ನು ಕಂಪ್ಯೂಟರಿನಲ್ಲಿ ಸಾಲಾಗಿ ಅಂಟಿಸಿದ್ದ. ಒಂದೊಂದರ ಮೇಲೂ ಅದೇ ಜಾಗದಲ್ಲಿ ಅದೇ ಒಂದು ಹನಿ ನೀರು. ದಾರವಿಲ್ಲ, ಕುಚ್ಚಿಲ್ಲ. ಹಾರ ಕಟ್ಟುವವನ ಹೆಂಡತಿಗೆ, ಅದೂ ಮಾರುಕಟ್ಟೆಗೆಲ್ಲ ಹಾರದ ಅಂದ ಹೇಳಿಕೊಟ್ಟವಳಿಗೆ, ಮೂಸಿದರೆ ವಾಸನೆ ಬಾರದ ಹಾರ. ಅದೂ ಇಷ್ಟು ತಿಂಗಳಿಂದ ಒಂದೇ. ನಮ್ಮ ಮನೆಯಲ್ಲಿ ದೇವರ ಪಟದ ಮೇಲೆ ನಿನ್ನೆಯ ಹೂ ಉಳಿದರೆ ಅವಳು ನನ್ನನ್ನು ಬಿಡುತ್ತಿರಲಿಲ್ಲ.

ಇನ್ನೂ ಮುಗಿದಿರಲಿಲ್ಲ. ಹಾರದ ಕೆಳಗೆ ಮಂಜ ಇಳಿದು ಬಂದ. ಅವನ ಹಿಂದೆ ಕಪ್ಪು ಕನ್ನಡಕದವರು, ಫೋನಿನವನು, ಕೈ ಮುಗಿದು ನಗುವ ಭಾವಿ ಕಾರ್ಪೊರೇಟರ್. ನಿಂತವರು ನಿಂತೇ ಇದ್ದರು. ಈ ಗಂಡಸರೂ ತೀರಿಕೊಂಡರೇ ಎಂದು ಟೀನಾ ನನ್ನ ಕಿವಿಯಲ್ಲಿ ಬಹಳ ಕನಿಕರದಿಂದ ಕೇಳಿದರು. ಇಲ್ಲ ಎಂದೆ. ಹಾಗಾದರೆ ಇವರು ಯಾರು? ದುಃಖಪಡುವವರು ಎಂದೆ. ಅವರು ಪರದೆಯನ್ನು ಮತ್ತೊಮ್ಮೆ ನೋಡಿದರು.

ಎಲ್ಲರೂ ಕೂತ ಮೇಲೆ ಮಾರ್ಟ್ ತನ್ನ ಕೆಲಸ ಮಾಡಿದ. ಪುಟದ ಮುಂದಿನ ಭಾಗ ಹೇಗಿದೆ ನೋಡಲು, ನಿಮ್ಮನಿಮ್ಮ ಫೋನಿನಲ್ಲಿ ಕೊನೆಯ ಗುಂಡಿಯವರೆಗೆ ಹೋಗಿ ಎಂದ. ಎಲ್ಲರೂ ತಲೆ ತಗ್ಗಿಸಿ ಏನೇನೋ ತುಂಬಿ ಒತ್ತಿದರು. ಚಿತ್ರದಾಚೆಯದೆಲ್ಲ ಹಗುರ, ಚೊಕ್ಕ, ರತ್ನನ ಕೆಲಸ ಎಂದು ಹೊಗಳಿದರು. ಮೊದಲ ಚಿತ್ರವೊಂದನ್ನು ತೆಗೆದರೆ ಸಾಕು ಎಂದ ಮಾರ್ಟ್. ಆಗುವುದಿಲ್ಲ ಎಂದೆ. ಅವನು ವಾದ ಮಾಡಲಿಲ್ಲ. ಒಂದು ಲೋಟ ಕಾಫಿ ತಂದು ಕೊಟ್ಟು ಪಕ್ಕದಲ್ಲಿ ಕೂತ, ಅಷ್ಟೆ.

ಸಂಜೆ ಕೋಟೆ ಬಾಗಿಲ ದಾರಿಯಲ್ಲೇ ನಡೆದು ಹೋದೆ. ಅಜ್ಜಿಯ ಗೂಡಿನ ಮುಂದೆ ನಿಂತೆ. ಹೂ ಕಂಡಿತು, ಕೈ ಕಂಡಿತು, ಆಮೇಲೆ ಮುಖ. ರತ್ನನೂ ಹೀಗೇ ಕೂರುತ್ತಿದ್ದಳು. ಮುಂದೆ ರಾಶಿ, ಹಿಂದೆ ಅವಳು. ಗಿರಾಕಿ ಹೂ ನೋಡಿ, ಮುಟ್ಟಿ, ರೇಟು ಕೇಳುವ ತನಕ ಅವಳ ಮುಖ ಕಾಣುತ್ತಲೇ ಇರಲಿಲ್ಲ. ರಾಶಿಯ ಮುಂದೆ ಬಂದು ನಿಂತು ವ್ಯಾಪಾರ ಕೆಡಿಸಿದವಳಲ್ಲ. ಅವಳನ್ನು ರಾಶಿಯ ಮುಂದೆ ತಂದು ನಿಲ್ಲಿಸಿದವನು ನಾನು.

ಮರುದಿನ

ಅಲ್ಲಿ ಬೆಳಗಾದರೂ ಸೂರ್ಯ ಬರುವುದಿಲ್ಲ, ಅವನೂ ಹೊದ್ದು ಮಲಗಿರುತ್ತಾನೆ. ಟೀನಾರ ಅಡುಗೆಮನೆಯಲ್ಲಿ ಕರೀ ಬ್ರೆಡ್ಡಿಗೆ ನನ್ನ ಚಟ್ನಿಪುಡಿ ಹಚ್ಚಿಕೊಂಡು ಇಬ್ಬರೂ ಸುಮ್ಮನೆ ತಿನ್ನುತ್ತಿದ್ದಾಗ ಮಂಜನ ಫೋನ್ ಬಂತು.

"ಭಾವ, ಅಲ್ಲೇನು ಸಾಮೂಹಿಕ ವಿವಾಹನಾ?"

ಏನೋ ಅದು ಎಂದೆ.

"ನಿನ್ನೆ ಸಂಜೆಯಿಂದ ಆರ್ಡರ್ ಮಳೆ ಸುರಿದಂಗೆ ಸುರೀತಾ ಅವೆ. ಎಲ್ಲಾ ಗುಲಾಬಿ ಹಾರಾನೇ. ಒಂದೇ ಒಂದು ಡೌಟು. ಒಬ್ರು ಒಂದು ಕೇಳವ್ರೆ, ಒಬ್ರು ಮೂರು, ಇನ್ನೊಬ್ರು ಐದು. ಒಂದು ಅಂದ್ರೆ ಹುಡುಗಿ ಇನ್ನೂ ಒಪ್ಪಿಲ್ಲ ಅನ್ಕೊಂಡೆ. ಮೂರು ಯಾಕೆ ಭಾವ? ಮೂರನೇದು ಯಾರಿಗೆ?"

ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟೆ. ಬದುಕಿರುವವರಿಗೆ ಒಂದು, ಮೂರು, ಐದು. ಸಭೆಯವರು ಸುಮ್ಮನೆ ಪರೀಕ್ಷೆಗೆಂದು ಒತ್ತುವಾಗಲೂ ಶಾಸ್ತ್ರ ಬಿಟ್ಟಿರಲಿಲ್ಲ. ಹಣ ಕೇಳದೆ ಆರ್ಡರ್ ಮುಗಿಯುತ್ತದೆಂದು ಅವರಿಗೆ ಹೊಳೆದಿರಲೂ ಇಲ್ಲ.

"ಕಟ್ಟಿಬಿಟ್ಯಾ?" ಎಂದು ಕೇಳಿದೆ.

"ಕಟ್ದೆ ಬಿಡೋಕಾಗುತ್ತಾ? ಅಕ್ಕ ಇದ್ದಿದ್ರೆ ಬಿಡ್ತಿದ್ಲಾ? ಮಾರ್ಕೆಟ್ಟಿಗೆ ಬಂದ ಗುಲಾಬಿ ಅಷ್ಟೂ ನಾನೇ ಎತ್ಕೊಂಡೆ. ಬೇರೆ ಅಂಗಡಿಯವ್ರಿಗೆ ಒಂದು ಬುಟ್ಟೀನೂ ಇಲ್ಲ."

"ಅಡ್ರೆಸ್ ನೋಡ್ಲಿಲ್ವೇನೋ?"

"ನೋಡ್ದೆ. ಓದಕ್ಕಾಗ್ಲಿಲ್ಲ. ಯಾವ್ದೋ ಹೊಸಾ ಅಪಾರ್ಟ್‌ಮೆಂಟು ಅನ್ಕೊಂಡೆ. ಈಗ ಎಲ್ಲದರ ಹೆಸರೂ ಹಂಗೇ ತಾನೆ?"

ಅದೂ ನಿಜ. ನಮ್ಮ ಬೀದಿಯ ಹಿಂದೆ ಕಟ್ಟುತ್ತಿರುವ ಕಟ್ಟಡದ ಹೆಸರನ್ನು ಅದರ ಕಾವಲುಗಾರನೇ ಹೇಳಲಾರ.

ಮಂಜ ದನಿ ತಗ್ಗಿಸಿ ಹೇಳಿದ, "ಅಕ್ಕನ ಫೋಟೊ ಕೈ ಹಿಡೀತು ಭಾವ. ತೆಗೆಯೋಣ ಅಂತ ನಾನೇ ತಪ್ಪು ಮಾತಾಡ್ದೆ. ಅದನ್ನ ಮುಟ್ಟಬೇಡಿ."

ಇಷ್ಟು ತಿಂಗಳು ನಾನು ಅವನ ಬಾಯಿಂದ ಕೇಳಬೇಕೆಂದಿದ್ದದ್ದು ಆ ಮಾತೇ. ಈಗ ಬಂತು, ನಾನು ಬೇರೆ ತೀರ್ಮಾನ ಮಾಡಿದ ಮೇಲೆ. ನಡೆದದ್ದನ್ನು ಹೇಳಿದೆ. ಯಾರಿಗೂ ಮದುವೆಯಿಲ್ಲ, ಎಲ್ಲ ಪರೀಕ್ಷೆ ಎಂದೆ.

"ಒಬ್ರೂ ಆಗ್ತಿಲ್ವಾ?" ಎಂದು ಕೇಳಿದ.

ಫೋಟೊವನ್ನು ಪುಟದ ಮೇಲಿನಿಂದ ತೆಗೆಸುತ್ತೇನೆ ಎಂದೂ ಹೇಳಿದೆ. ವರ್ಷ ತುಂಬಿಲ್ಲವಲ್ಲ, ಶಾಸ್ತ್ರ ಏನಾಯಿತು ಎಂದ. ಶಾಸ್ತ್ರ ನಾನೇ ಮಾಡಿದ್ದು ಎಂದೆ. "ಅದು ನಂಗೂ ಗೊತ್ತಿತ್ತು ಬಿಡಿ" ಎಂದು ಫೋನ್ ಇಟ್ಟ.

ಸಭೆಯಲ್ಲಿ ಟೀನಾ ವಿಷಯ ಹೇಳಿದಾಗ ಆ ಜನ ಕಿವಿಯವರೆಗೆ ಕೆಂಪಾದರು. ಹಾರಗಳನ್ನು ನಿಜವಾಗಿಯೂ ತೆಗೆದುಕೊಳ್ಳುತ್ತೇವೆ ಎಂದು ಹಠ ಹಿಡಿದರು. ಕಡಲಾಚೆಯ ಹೂ ಇಲ್ಲಿಗೆ ಬರುವಷ್ಟರಲ್ಲಿ ಗೊಬ್ಬರವಾಗುತ್ತದೆ ಎಂದು ವಿವರಿಸಿದೆ. ಒಬ್ಬ ಹುಡುಗ ಮಾತ್ರ ಪಕ್ಕಕ್ಕೆ ಕರೆದು, ತನ್ನ ಆರ್ಡರ್ ರದ್ದು ಮಾಡಬೇಡಿ, ಹುಡುಗಿಯನ್ನು ಕೇಳಿ ಹೇಳುತ್ತೇನೆ ಎಂದ. ಅವನು ಆರ್ಡರ್ ಕೊಟ್ಟಿದ್ದದ್ದು ಒಂದೇ ಹಾರಕ್ಕೆ. ಮಂಜನ ಊಹೆ ಸರಿಯಾಗಿತ್ತು.

ಆಮೇಲೆ ಮಾರ್ಟ್‌ನ ಪಕ್ಕ ಕುರ್ಚಿ ಎಳೆದುಕೊಂಡೆ. ಹೂ ಮೊದಲು, ಅವಳು ಹಿಂದೆ ಎಂದೆ. ಅವನಿಗೆ ತಕ್ಷಣ ಅರ್ಥವಾಯಿತು. 'ಶ್ರದ್ಧಾಂಜಲಿ' ಅಕ್ಷರ ಹೋಯಿತು. ಕಂಪ್ಯೂಟರ್ ಹಾರವನ್ನು ಒಂದೊಂದು ಗುಲಾಬಿಯಾಗಿ ಅಳಿಸಿದ. ಕೆಳಗಿನ ಸಾಲಿಗೆ ಬಂದಾಗ, ಇವರು ಬೇಕೇ ಎಂದು ಕೈ ಮುಗಿದವರನ್ನು ತೋರಿಸಿ ಕೇಳಿದ. ಬೇಡ, ಅವರು ನಮಗೆ ಬೇರೆ ಕಡೆ ಸಿಗುತ್ತಲೇ ಇರುತ್ತಾರೆ ಎಂದೆ. ರತ್ನನ ಮುಖವನ್ನು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು ಮಾಡಿ, ಹೂಗಳೆಲ್ಲ ಮುಗಿದ ಮೇಲೆ ಕೆಳಗಿಟ್ಟ. ನೋಡುವವರು ಅಲ್ಲಿಗೆ ಇಳಿದು ಬಂದರೆ ಮಾತ್ರ ಅವಳು ಬರುತ್ತಾಳೆ, ಅಲ್ಲಿಯ ತನಕ ಯಾರನ್ನೂ ಕಾಯಿಸುವುದಿಲ್ಲ. ಈ ವಿಧಾನಕ್ಕೆ ಅವರಲ್ಲಿ ಸೋಮಾರಿ ವಿಧಾನ ಎಂದು ಹೆಸರಂತೆ. ರತ್ನನಿಗೆ ಮಾರುಕಟ್ಟೆಯಲ್ಲಿ ಬಹಳ ಜನ ಬಹಳ ಅಂದಿದ್ದಾರೆ, ಆದರೆ ಸೋಮಾರಿ ಎಂದು ಯಾರೂ ಅಂದಿಲ್ಲ ಎಂದೆ. ಮಾರ್ಟ್ ಗಡ್ಡ ಕೆರೆದುಕೊಂಡು, ಅದು ಒಳಗಡೆ ಬರೆದಿರುವ ಪದ, ಗಿರಾಕಿಗೆ ಕಾಣುವುದಿಲ್ಲ ಎಂದು ಸಮಾಧಾನ ಮಾಡಿದ.

ಹೊರಡುವಾಗ ಟೀನಾ ಬಾಗಿಲಲ್ಲಿ ಒಂದು ಗುಲಾಬಿ ಕೊಟ್ಟರು. ಒಂದೇ. ನಾನು ಎಣಿಸಿದ್ದನ್ನು ನೋಡಿ ಅವರು ನಕ್ಕರು.

ವಾಪಸು

ಬೆಂಗಳೂರಿನ ನಿಲ್ದಾಣದ ಬಾಗಿಲಿನಿಂದ ಹೊರಗೆ ಬರುತ್ತಿದ್ದ ಹಾಗೆ ಗುಂಪೊಂದು ನನ್ನ ಮೇಲೆ ಬಿತ್ತು. ಮಂಜ, ಎರಡು ಕಪ್ಪು ಕನ್ನಡಕ, ಫೋನಿನವನು, ಭಾವಿ ಕಾರ್ಪೊರೇಟರ್. ಫ್ಲೆಕ್ಸಿನ ಕೆಳಗಿನ ಸಾಲು ಹಾಗೇ ಎದ್ದು ಬಂದಂತಿತ್ತು. ಎಲ್ಲರ ಕೈಯಲ್ಲೂ ಗುಲಾಬಿ ಹಾರ. ಒಂದರ ಮೇಲೊಂದು ಹಾಕಿದರು. ಮೂಗಿನವರೆಗೆ ಹೂ ಬಂದು ನನಗೆ ದಾರಿ ಕಾಣದಾಯಿತು. ಯಾರೋ ಮಂತ್ರಿ ಎಂದುಕೊಂಡು ಒಬ್ಬ ಕಾವಲಿನವನು ನೆಟ್ಟಗೆ ನಿಂತ. ಪರವೂರಿನ ಒಂದು ಕುಟುಂಬ ಬಂದು ನನ್ನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಿತು. ಅವರ ಹಿಂದೆ ಭಾವಿ ಕಾರ್ಪೊರೇಟರ್ ಕೈ ಮುಗಿದು ನಿಂತದ್ದು ನನಗೆ ಆಮೇಲೆ ತಿಳಿಯಿತು.

ಟೆಂಪೊದಲ್ಲಿ ಕೂತ ಮೇಲೆ ಮಂಜ ಹೇಳಿದ. ಗುಲಾಬಿಯೆಲ್ಲ ನಮ್ಮ ಅಂಗಡಿಯಲ್ಲೇ ಇದ್ದುದರಿಂದ ಅವತ್ತಿನ ಮುಹೂರ್ತಕ್ಕೆ ಊರಿನ ಛತ್ರದವರೆಲ್ಲ ನಮ್ಮಲ್ಲಿಗೇ ಬಂದು ಜೋಡಿ ಹಾರಗಳನ್ನು ಎತ್ತಿಕೊಂಡು ಹೋದರಂತೆ. ಉಳಿದವು ಒಂದಕ್ಕೊಂದು ಅಳತೆ ಕೂಡದ, ಜೋಡಿಯಿಲ್ಲದ ಮೂರನೆಯವು, ಐದನೆಯವು. ಒಂಟಿ ಮದುವೆ ಹಾರವನ್ನು ಯಾರು ಕೊಳ್ಳುತ್ತಾರೆ? ಬಿಚ್ಚೋಣವೆಂದರೆ ಅಕ್ಕ ಬಿಚ್ಚಬಾರದು ಅಂದಿದ್ದಾಳೆ. ಅದಕ್ಕೇ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ನನಗೆ ತಂದಿದ್ದರು.

ಮೊದಲು ಮಾರುಕಟ್ಟೆಗೆ ಬಿಡು ಎಂದೆ. ಹಾರಗಳ ಸಮೇತ ನೆಲಮಾಳಿಗೆಗೆ ಇಳಿದೆ. ಆಲೂಗಡ್ಡೆ ಮೂಟೆಯವರು ದಾರಿ ಬಿಟ್ಟರು. ರತ್ನನ ಹಳೇ ಫೋನ್ ತೆಗೆದು ಸೈಟು ಒತ್ತಿದೆ. ಹೂ ಬಂತು. ಒತ್ತಿದ ಬೆರಳು ತೆಗೆಯುವಷ್ಟರಲ್ಲಿ ಬಂತು. ಕೆಳಗೆ ಸರಿಸಿದೆ, ಸುಗಂಧರಾಜ, ಸೇವಂತಿಗೆ, ಗುಲಾಬಿ. ರಾಶಿ ಮುಗಿದಲ್ಲಿ ಒಂದು ಚಿಕ್ಕ ಖಾಲಿ ಜಾಗ. ಅಲ್ಲಿ ಒಂದು ಗಳಿಗೆ ತಡೆದು, ಹಾರವಿಲ್ಲದ ಬರೀ ಕೊರಳಿನಲ್ಲಿ, ರತ್ನ ಬಂದಳು.

ಮಂಜ ಭುಜದ ಮೇಲಿನಿಂದ ಬಗ್ಗಿ ನೋಡಿದ. "ನನ್ ಫೋಟೊನೂ ತೆಗೆಸಿಬಿಟ್ರಾ?" ಎಂದ. ಆಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅವನನ್ನೂ ಒಂದು ಸಲ ತಾಲಿನ್‌ಗೆ ಕಳಿಸಬಹುದು ಅನ್ನಿಸಿತು.

ಮನೆಗೆ ಬಂದು, ನಡುಮನೆಯ ಗೋಡೆಯಲ್ಲಿರುವ ಅವಳ ಫೋಟೊದ ಮುಂದೆ ನಿಂತು, ಕೊರಳಿನಿಂದ ಒಂದು ಹಾರ ತೆಗೆದೆ. ಮೂರು ಕೇಳಿದವರ ಮೂರನೆಯದು. ಮಂಜ ಕೈ ಅಡ್ಡ ಹಿಡಿದ.

"ನೀವು ಹಾಕ್ಕೊಂಡಿದ್ದು ಭಾವ. ಹಾಕ್ಕೊಂಡಿದ್ದನ್ನ ಹಾಕ್ತಾರಾ?"

"ನಮ್ಮ ಮದುವೇಲೂ ಹಂಗೇ ಹಾಕಿದ್ದು" ಎಂದೆ.

ಅವನು ಕೈ ತೆಗೆದ. ಹಾರ ಉದ್ದವಾಗಿತ್ತು, ಮದುವೆಯದಲ್ಲವೇ, ಫೋಟೊ ದಾಟಿ ಕೆಳಗೆ ಇಳಿಯಿತು. ನೆಲ ಮುಟ್ಟದ ಹಾಗೆ ಮಂಜ ಒಂದು ಸುತ್ತು ಸುತ್ತಿ ಮೊಳೆಗೆ ಸಿಕ್ಕಿಸಿದ. ನಾಳೆ ಬೆಳಿಗ್ಗೆ ತೆಗೆದು ಬೇರೆ ಹಾಕಬೇಕು.